ಬಾಳೆಹೊನ್ನೂರಿನ ಚಂದ್ರಗಿರಿ ಬೀಜ: ತಾಯಿಗಿಡದ ಗುಣ ಸಸಿಗೆ ಎಷ್ಟು ಬರುತ್ತದೆ?

ಅರೇಬಿಕಾ ಕಾಫಿಯ ಮರುನಾಟಿಗೆ ಕೈಹಾಕಿರುವ ಚಿಕ್ಕಮಗಳೂರು, ಮೂಡಿಗೆರೆ, ಕೊಪ್ಪ, ಸಕಲೇಶಪುರ ಕಡೆಯ ಬೆಳೆಗಾರರಿಗೆ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಕಾಫಿ ಮಂಡಳಿಯ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಬಾಳೆಹೊನ್ನೂರಿನಿಂದ ಕೊಡುವ ಚಂದ್ರಗಿರಿ ತಳಿಯ ಬೀಜ ತೆಗೆದುಕೊಳ್ಳಲು ಯೋಗ್ಯವಾದದ್ದು. ಅದೇ ಹೆಸರು ಹೊತ್ತು ಬರುವ ಬೇರೆ ಬೀಜಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಪಕ್ಕದ ತೋಟದ ಬೇಲಿಸಾಲಿನಿಂದ ಹಣ್ಣು ಬಿಡಿಸಿ ಮಾಡಿದ ಬೀಜ, ಯಾವ ತಾಯಿಗಿಡದ್ದೆಂದು ಮಾರುವವರಿಗೇ ಗೊತ್ತಿಲ್ಲದ ನರ್ಸರಿ ಸಸಿ, ಇವೆಲ್ಲ ಬೇರೆಯೇ ಸರಕು. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು, ಒಳಹೊಟ್ಟು ಉಳಿಸಿದ ಬೀಜ) ನೋಡಿ ಯಾರಿಂದಲೂ ವ್ಯತ್ಯಾಸ ಹೇಳಲಾಗದು. ಸಸಿಯಾದ ಮೇಲೂ ಬಹಳ ಸಲ ಹೇಳಲಾಗದು. ಏಕೆ ಹೇಳಲಾಗದು, ಯಾವ ತಲೆಮಾರಿನಲ್ಲಿ ಅದು ಹೊರಬೀಳುತ್ತದೆ ಎಂಬುದನ್ನೇ ಈ ವಿಮರ್ಶೆಯಲ್ಲಿ ಹೆಚ್ಚು ಬಿಡಿಸಿ ಹೇಳಿದ್ದೇವೆ. ಒಮ್ಮೆ ನೆಟ್ಟ ಕಾಫಿ ಗಿಡ ಮೂವತ್ತು ನಲವತ್ತು ವರ್ಷ ನಿಲ್ಲುತ್ತದೆ. ಬೀಜದಲ್ಲಿ ಉಳಿಸಿದ ಹಣ ಅಷ್ಟು ವರ್ಷವೂ ಲೆಕ್ಕ ಕೇಳುತ್ತದೆ.

ಚಂದ್ರಗಿರಿ ಮಂಡಳಿಯಿಂದ ಬಿಡುಗಡೆಯಾದದ್ದು 2007ರಲ್ಲಿ. ತಂದೆತಾಯಿ ಇಬ್ಬರೂ ಹೊರದೇಶದವರು. ಒಂದು, ಕೋಸ್ಟರಿಕಾದ ವಿಲ್ಲಾ ಸಾರ್ಚಿ. ಇದು ಬೂರ್ಬನ್ ಕಾಫಿಯಲ್ಲಿ ತಾನಾಗಿ ಹುಟ್ಟಿಕೊಂಡ ಗಿಡ್ಡ ಗಿಡ. ಇನ್ನೊಂದು ಹೈಬ್ರಿಡೊ ಡಿ ಟಿಮೋರ್. ಟಿಮೋರ್ ದ್ವೀಪದಲ್ಲಿ ಅರೇಬಿಕಾ ಮತ್ತು ರೊಬಸ್ಟಾ ತಾವಾಗಿಯೇ ಕೂಡಿ ಹುಟ್ಟಿದ ಈ ಗಿಡ ಎಲೆ ತುಕ್ಕು ರೋಗಕ್ಕೆ ಬಗ್ಗದೆ ನಿಂತಿತ್ತು. ಈ ಎರಡರ ಸಂಕರದ ಸಂತತಿಗೆ ಸಾರ್ಚಿಮೋರ್ ಎಂದು ಹೆಸರು. ಅದರಿಂದ ನಮ್ಮ ಮಣ್ಣಿನಲ್ಲಿ ಆರಿಸಿ ನಿಲ್ಲಿಸಿದ್ದು ಚಂದ್ರಗಿರಿ. ಕುಳ್ಳು ಕಾಂಡ, ಒತ್ತಾದ ಗೆಣ್ಣು, ಬಾಗಿದ ರೆಕ್ಕೆ (ಅಡ್ಡರೆಂಬೆ), ದಪ್ಪನೆಯ ಕಡುಹಸಿರು ಎಲೆ, ದಪ್ಪ ಬೀಜ. ಕುಳ್ಳುತನ ವಿಲ್ಲಾ ಸಾರ್ಚಿಯಿಂದ ಬಂದರೆ, ತುಕ್ಕು ತಡೆಯುವ ಶಕ್ತಿ ಟಿಮೋರ್ ಕಡೆಯಿಂದ ಬಂತು.

ಕುಳ್ಳುತನದ ಲೆಕ್ಕ

ಪಿಯುಸಿಯಲ್ಲಿ ಮೆಂಡೆಲ್‌ನ ಬಟಾಣಿ ಓದಿದವರು ಇಲ್ಲಿ ಎಡವುತ್ತಾರೆ. ಬಟಾಣಿಯಲ್ಲಿ ಎತ್ತರ ಪ್ರಬಲ, ಕುಳ್ಳು ದುರ್ಬಲ. ಎತ್ತರದ್ದಕ್ಕೂ ಕುಳ್ಳಿಗೂ ಸಂಕರ ಮಾಡಿದರೆ ಮೊದಲ ತಲೆಮಾರು ಪೂರ್ತಿ ಎತ್ತರ. ಎರಡನೆಯದರಲ್ಲಿ ಮೆಂಡೆಲ್ ಎಣಿಸಿದ್ದು 787 ಎತ್ತರ, 277 ಕುಳ್ಳು. ಹೆಚ್ಚುಕಡಿಮೆ ಮೂರಕ್ಕೆ ಒಂದು. ಕಾಫಿಯಲ್ಲಿ ಇದು ತಿರುವುಮುರುವು. ಇಲ್ಲಿ ಕುಳ್ಳುತನದ ವಂಶವಾಹಿಯೇ ಪ್ರಬಲ. ಒಂದೇ ಒಂದು ಪ್ರತಿ ಇದ್ದರೂ ಗಿಡ ಕುಳ್ಳಾಗುತ್ತದೆ. ಎತ್ತರ ಕಾಣಿಸಬೇಕಾದರೆ ತಾಯಿಯಿಂದಲೂ ತಂದೆಯಿಂದಲೂ ಎತ್ತರದ ಪ್ರತಿಯೇ ಬಂದಿರಬೇಕು.

ಕುಳ್ಳಿನ ಪ್ರತಿಗೆ ‘ಕು’, ಎತ್ತರದ ಪ್ರತಿಗೆ ‘ಎ’ ಎಂದು ಬರೆದುಕೊಳ್ಳಿ. ಶುದ್ಧ ಚಂದ್ರಗಿರಿ ಕು-ಕು. ನಮ್ಮ ಹಳೆಯ ಎತ್ತರದ ಅರೇಬಿಕಾ ತಳಿ ಎಸ್.795 ಎ-ಎ. ಎರಡೂ ಕೂಡಿದರೆ ಹುಟ್ಟುವ ಸಸಿಗಳೆಲ್ಲ ಕು-ಎ; ಕಣ್ಣಿಗೆ ಎಲ್ಲವೂ ಕುಳ್ಳು. ಆ ಕು-ಎ ಗಿಡ ತನ್ನ ಪರಾಗದಿಂದಲೇ ಕಾಯಿ ಕಚ್ಚಿದಾಗ ಅದರ ನೂರು ಬೀಜದಲ್ಲಿ ಸರಾಸರಿ 25 ಕು-ಕು, 50 ಕು-ಎ, 25 ಎ-ಎ. ಅಂದರೆ 75 ಕುಳ್ಳು, 25 ಎತ್ತರ.

ಇಲ್ಲೊಂದು ಸಂದೇಹ ಬರಬಹುದು. ಅರೇಬಿಕಾದಲ್ಲಿ ವರ್ಣತಂತುಗಳು 44, ರೊಬಸ್ಟಾದ ಎರಡರಷ್ಟು. ನಾಲ್ಕು ಕಟ್ಟಿನ ಗಿಡಕ್ಕೆ ಎರಡು ಕಟ್ಟಿನ ಲೆಕ್ಕ ಹೇಗೆ ಹೊಂದುತ್ತದೆ? ಹೊಂದುತ್ತದೆ. ಅರೇಬಿಕಾ ಎರಡು ಬೇರೆ ಬೇರೆ ಜಾತಿಯ ಕಾಫಿಗಳು ಕೂಡಿ ಹುಟ್ಟಿದ್ದು. ಪರಾಗವೂ ಅಂಡವೂ ತಯಾರಾಗುವಾಗ ಅದರ ವರ್ಣತಂತುಗಳು ತಮ್ಮ ತಮ್ಮ ಜೋಡಿಯನ್ನೇ ಹುಡುಕಿ ಎರಡೆರಡಾಗಿ ಕೂಡುತ್ತವೆ. ಆದ್ದರಿಂದ ಮೂರಕ್ಕೆ ಒಂದರ ಲೆಕ್ಕ ಅರೇಬಿಕಾ ನರ್ಸರಿಯಲ್ಲೂ ನಡೆಯುತ್ತದೆ.

ಪಕ್ಕದ ಪರಾಗ ಎಷ್ಟು ಬರುತ್ತದೆ?

ಅರೇಬಿಕಾ ಹೆಚ್ಚಾಗಿ ತನ್ನ ಪರಾಗವನ್ನೇ ಬಳಸುತ್ತದೆ. ನೂರು ಬೀಜದಲ್ಲಿ ಸುಮಾರು ತೊಂಬತ್ತು ಹಾಗೆ ಕಟ್ಟಿದವು. ಉಳಿದ ಹತ್ತರ ಆಸುಪಾಸಿನದಕ್ಕೆ ಜೇನೋ ಗಾಳಿಯೋ ಬೇರೆ ಗಿಡದ ಪರಾಗ ತಂದಿರುತ್ತದೆ. ಬ್ಲಾಕಿನ ನಡುವೆ ನಿಂತ ಗಿಡಕ್ಕೆ ಆ ಬೇರೆ ಪರಾಗವೂ ಅದೇ ತಳಿಯದು, ಏನೂ ನಷ್ಟವಿಲ್ಲ. ಬೇಲಿಸಾಲಿನಲ್ಲಿ ನಿಂತು, ಆಚೆ ಎಸ್.795 ಇದ್ದರೆ ಕತೆ ಬೇರೆ.

ಚಂದ್ರಗಿರಿಯ ಬೇಲಿಸಾಲಿನಿಂದ ಬೀಜ ಮಾಡಿದಿರಿ ಎಂದುಕೊಳ್ಳಿ. ನೂರರಲ್ಲಿ ಐದು ಬೀಜ ಆಚೆಯ ಎಸ್.795ರ ಪರಾಗದಿಂದ ಕಟ್ಟಿವೆ. ಆ ಐದು ಸಸಿಗಳೂ ಕು-ಎ, ಕುಳ್ಳಾಗಿಯೇ ಬೆಳೆಯುತ್ತವೆ. ನರ್ಸರಿಯಲ್ಲಿ ಎಷ್ಟೇ ಅನುಭವಿಯಾದ ಮೇಸ್ತ್ರಿ ನೋಡಿದರೂ ಒಂದನ್ನೂ ಹಿಡಿಯಲಾರ. ತೋಟಕ್ಕೆ ಹೋಗುತ್ತವೆ, ಫಸಲು ಕೊಡುತ್ತವೆ. ಆ ತೋಟದಿಂದ ಮತ್ತೆ ಬೀಜ ಮಾಡಿದಾಗ ಎತ್ತರದ ಸಸಿಗಳು ತಲೆಯೆತ್ತುತ್ತವೆ. ನೂರರಲ್ಲಿ ಐದು ಗಿಡ ಬೆರಕೆ, ಅವುಗಳ ಬೀಜದಲ್ಲಿ ಕಾಲುಭಾಗ ಎತ್ತರ. ಒಟ್ಟು ಸಾವಿರ ಸಸಿಗೆ ಹನ್ನೆರಡೋ ಹದಿಮೂರೋ. ಬೆರಕೆ ಆದದ್ದು ಒಂದು ತಲೆಮಾರಿನಲ್ಲಿ, ಕಂಡದ್ದು ಮುಂದಿನ ತಲೆಮಾರಿನಲ್ಲಿ. ನಡುವೆ ನಾಲ್ಕೈದು ವರ್ಷ ಹೋಗಿರುತ್ತದೆ, ಸಸಿ ಕೊಟ್ಟವರನ್ನು ಕೇಳುವ ಕಾಲವೂ ದಾಟಿರುತ್ತದೆ.

ಇದೇ ಬೆರಕೆ ತಿರುಗಿ ನಡೆದರೆ ಕೂಡಲೇ ಸಿಕ್ಕಿಬೀಳುತ್ತದೆ. ಎಸ್.795 ಗಿಡದ ಬೀಜಕ್ಕೆ ಚಂದ್ರಗಿರಿಯ ಪರಾಗ ಬಿದ್ದಿದ್ದರೆ ಎಸ್.795 ಪಾತಿಯಲ್ಲಿ ಕುಳ್ಳು ಸಸಿ ಅದೇ ವರ್ಷ ಎದ್ದು ಕಾಣುತ್ತದೆ. ಹಾಗಾಗಿ ಎರಡೂ ತಳಿ ಮಾರುವ ನರ್ಸರಿಗೆ ಹೋದರೆ ಚಂದ್ರಗಿರಿ ನೋಡುವ ಮೊದಲು ಅವರ ಎಸ್.795 ಪಾತಿಯ ಮುಂದೆ ನಿಲ್ಲಿ. ಅಲ್ಲಿ ನೂರಕ್ಕೆ ನಾಲ್ಕೈದು ಕುಳ್ಳು ಕಂಡರೆ ಎರಡು ತಳಿಯ ತಾಯಿಗಿಡಗಳೂ ಅಕ್ಕಪಕ್ಕ ಇವೆ ಎಂದೇ ತಿಳಿಯಿರಿ. ಅವರ ಚಂದ್ರಗಿರಿಯಲ್ಲೂ ಅಷ್ಟೇ ಬೆರಕೆ ಕಾಣದಂತೆ ಕೂತಿರುತ್ತದೆ. ನರ್ಸರಿ ಪರೀಕ್ಷೆಯಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ನಂಬಿಕೆಯ ದಾರಿ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ರೊಬಸ್ಟಾ ಪಕ್ಕದಲ್ಲಿದ್ದರೆ ಅರೇಬಿಕಾ ಬೀಜ ಕೆಡುತ್ತದೆಯೇ ಎಂದು ಅನೇಕರು ಕೇಳುತ್ತಾರೆ. ಆ ಭಯ ಬೇಡ. ರೊಬಸ್ಟಾದಲ್ಲಿ ವರ್ಣತಂತು 22. ಅರೇಬಿಕಾದ 22 ಬಂದ ಅಂಡಕ್ಕೆ ರೊಬಸ್ಟಾದ 11 ಬಂದು ಸೇರಿದರೆ 33. ಜೋಡಿ ಕೂಡದ ಸಂಖ್ಯೆ. ಅಂಥ ಗಿಡ ಹುಟ್ಟುವುದೇ ಅಪರೂಪ. ಹುಟ್ಟಿದರೂ ಸೊಕ್ಕಿ ಬೆಳೆಯುತ್ತದೆ, ಕಾಯಿ ನಿಲ್ಲುವುದಿಲ್ಲ. ನಾಲ್ಕಾರು ವರ್ಷದ ಗಿಡ ಹೂವು ಬಿಟ್ಟೂ ಬರಡಾಗಿ ನಿಂತಿದ್ದರೆ ಈ ಕಾರಣವನ್ನೂ ಒಮ್ಮೆ ಯೋಚಿಸಿ. ಟಿಮೋರ್ ಗಿಡದಲ್ಲಿ ವರ್ಣತಂತು 44 ಇದ್ದದ್ದರಿಂದಲೇ ರೊಬಸ್ಟಾ ಗುಣವನ್ನು ಅರೇಬಿಕಾಕ್ಕೆ ಸಲೀಸಾಗಿ ದಾಟಿಸಲು ಬಂತು.

ಎತ್ತರದ ಸಸಿ ಕಿತ್ತರೆ ಸಾಕೇ?

ಸಾಲದು. ಈ ವಿಮರ್ಶೆಯಲ್ಲಿ ಒಂದೇ ಮಾತು ನೆನಪಿಡಬೇಕೆಂದರೆ ಇದನ್ನು ನೆನಪಿಡಿ. ನರ್ಸರಿಯವರು “ಉದ್ದ ಬಂದದ್ದನ್ನೆಲ್ಲ ತೆಗೆದುಹಾಕಿದ್ದೀವಿ ಸಾರ್, ಉಳಿದದ್ದು ಪ್ಯೂರ್” ಎನ್ನುತ್ತಾರೆ. ಮೋಸದ ಮಾತಲ್ಲ, ಪ್ರಾಮಾಣಿಕವಾಗಿ ನಂಬಿಯೇ ಹೇಳುತ್ತಾರೆ. ಆದರೆ ಕಿತ್ತ ಒಂದೊಂದು ಎತ್ತರದ ಸಸಿಗೂ ಮೂರು ಕುಳ್ಳು ಒಡಹುಟ್ಟುಗಳು ಪಾತಿಯಲ್ಲೇ ಉಳಿದಿವೆ. ಅವುಗಳಲ್ಲಿ ಎರಡು ಇನ್ನೂ ಕು-ಎ. ಕುಳ್ಳುತನದ ಮಟ್ಟಿಗೆ ಶುದ್ಧವಾದ ಮೂರನೆಯದೂ ತುಕ್ಕಿನ ವಿಚಾರದಲ್ಲಿ ಚಂದ್ರಗಿರಿಯಾಗಿ ಉಳಿದಿಲ್ಲ, ಏಕೆಂದರೆ ಅದರ ಅಜ್ಜ ಎಸ್.795. ಎತ್ತರ ಕಣ್ಣಿಗೆ ಕಾಣುವ ಗುಣ. ತುಕ್ಕು ತಡೆಯುವ ವಂಶವಾಹಿಗಳು ಕಣ್ಣಿಗೆ ಕಾಣುವುದಿಲ್ಲ, ರೋಗ ಬಂದಾಗಲೇ ಗೊತ್ತಾಗುವುದು. ಪಾತಿಯಲ್ಲಿ ಎತ್ತರದ ಸಸಿ ಸಿಕ್ಕಿತು ಎಂದರೆ ಬಹುಮಟ್ಟಿಗೆ ಆ ಲಾಟಿನ ಕಾಣದ ಗುಣಗಳೂ ಕಲಸಿವೆ ಎಂದರ್ಥ. ಅಂಥ ಲಾಟನ್ನೇ ಬಿಡಿ.

ಎಣಿಸುವುದು ಹೇಗೆ? ಸಸಿಗೆ ಏಳೆಂಟು ಜೊತೆ ಎಲೆ ಬಂದ ಮೇಲೆ ಗೆಣ್ಣಿಗೂ ಗೆಣ್ಣಿಗೂ ನಡುವಿನ ಅಂತರ ನೋಡಿ. ಕುಳ್ಳು ಸಸಿಯಲ್ಲಿ ಎಲೆಜೋಡಿಗಳು ಒತ್ತೊತ್ತಾಗಿರುತ್ತವೆ, ಎತ್ತರದ್ದರಲ್ಲಿ ಅಂತರ ಸ್ಪಷ್ಟವಾಗಿ ಹೆಚ್ಚು. ನೆರಳು ಅತಿಯಾದ ಮೂಲೆಯಲ್ಲಿ, ಚೀಲಗಳನ್ನು ಒತ್ತಿ ಜೋಡಿಸಿದ ಕಡೆ ಕುಳ್ಳು ಸಸಿಯೂ ಬಿಸಿಲು ಹುಡುಕಿ ಉದ್ದವಾಗುತ್ತದೆ. ಅದನ್ನು ಬೆರಕೆ ಎಂದು ಲೆಕ್ಕ ಹಾಕಬಾರದು. ಒಂದೇ ನೆರಳಿನ ಅಕ್ಕಪಕ್ಕದ ಸಸಿಗಳನ್ನೇ ಹೋಲಿಸಬೇಕು. ಪಾತಿಯ ಮೂರ್ನಾಲ್ಕು ಕಡೆಯಿಂದ ಸೇರಿಸಿ ಒಟ್ಟು 300 ಸಸಿ ಎಣಿಸಿ. ಒಂದೂ ಎತ್ತರ ಸಿಗದಿದ್ದರೆ ಆ ಲಾಟಿನಲ್ಲಿ ಎತ್ತರದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ ಎಂದು ಸಾಕಷ್ಟು ಧೈರ್ಯವಾಗಿ ಹೇಳಬಹುದು. ಬರೇ ಮೂವತ್ತು ಎಣಿಸಿ ಬಂದರೆ ನೂರಕ್ಕೆ ಹತ್ತರ ತನಕ ಇದ್ದರೂ ತಪ್ಪಿಹೋಗಬಹುದು. ಮೊದಲೇ ಆರಿಸಿ ಕಿತ್ತಿಟ್ಟ ಪಾತಿಯಲ್ಲಿ ಈ ಎಣಿಕೆಗೆ ಬೆಲೆಯಿಲ್ಲ. ಆದ್ದರಿಂದ ಕಿತ್ತದ್ದೆಷ್ಟು ಎಂದು ಮೊದಲು ಕೇಳಿ.

ನೂರಕ್ಕೆ 25ರ ಹತ್ತಿರ ಎತ್ತರ ಸಿಕ್ಕರೆ ಬೀಜ ತಂದದ್ದು ಸಂಕರ ಗಿಡಗಳಿಂದಲೇ. ಇಪ್ಪತ್ತೈದೇ ಆಗಬೇಕೆಂದಿಲ್ಲ, ನೂರು ಸಸಿಯ ಎಣಿಕೆಯಲ್ಲಿ 17ರಿಂದ 33ರವರೆಗೆ ಏನು ಬಂದರೂ ಅದು ಕಾಲುಭಾಗವೇ. ಎರಡು ಮೂರು ಸಿಕ್ಕರೆ ತಾಯಿಬ್ಲಾಕಿನಲ್ಲಿ ಹತ್ತಕ್ಕೊಂದು ಬೆರಕೆ ಗಿಡ ಇರಬಹುದು, ಇಲ್ಲವೇ ಹಣ್ಣು ಬಿಡಿಸುವಾಗ ಬೇರೆ ತಳಿಯ ಹಿಡಿಹಣ್ಣು ಸೇರಿರಬಹುದು. ಮೊದಲನೆಯದಾದರೆ ಲಾಟು ಕೆಟ್ಟಿದೆ. ಎರಡನೆಯದಾದರೆ ಕಿತ್ತರೆ ಸರಿಹೋಗುತ್ತದೆ. ಎರಡರಲ್ಲಿ ಯಾವುದೆಂದು ತಾಯಿಬ್ಲಾಕು ನೋಡದೆ ಹೇಳಲು ಬರುವುದಿಲ್ಲ.

ತೋಟದಲ್ಲಿ ಈ ಬೆರಕೆ ಏಕೆ ಕಾಡುತ್ತದೆ? ಕುಳ್ಳು ತಳಿಗೆ ಐದಾರು ಅಡಿ ಅಂತರ, ಎತ್ತರದ್ದಕ್ಕೆ ಆರೇಳು. 6×5 ಅಡಿಯಲ್ಲಿ ನೆಟ್ಟರೆ ಎಕರೆಗೆ 1,452 ಗಿಡ. ನೂರಕ್ಕೆ ಎರಡೂವರೆ ಎತ್ತರ ಎಂದರೆ ಎಕರೆಗೆ ಮೂವತ್ತಾರು ಗಿಡ ಅಕ್ಕಪಕ್ಕದವುಗಳ ಮೇಲೆ ರೆಕ್ಕೆ ಚಾಚಿ, ಕಸಿ ಮಾಡುವ (ರೆಂಬೆ ಸವರುವ) ಆಳುಗಳಿಗೆ ಬೇರೆ ಲೆಕ್ಕ ತಂದಿಡುತ್ತವೆ. ಇದನ್ನು ಹೇಗಾದರೂ ಸಂಭಾಳಿಸಬಹುದು. ತುಕ್ಕು ಹಾಗಲ್ಲ.

ತುಕ್ಕು ನಿರೋಧ: ಎಷ್ಟು ನಂಬಬಹುದು

ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಪ್ರಯೋಗ ಕೇಂದ್ರ ಶುರುವಾದದ್ದರ ಹಿಂದೆ ತುಕ್ಕು ರೋಗದ ಕಾಟವೇ ಇತ್ತು. ಚಿಕ್ಕಮಗಳೂರಿನ ಹೆಸರನ್ನೇ ಹೊತ್ತಿದ್ದ ಹಳೆಯ ‘ಚಿಕ್’ ಕಾಫಿ ತುಕ್ಕಿಗೂ ಕಾಂಡಕೊರಕ ಹುಳುವಿಗೂ ಸಿಕ್ಕಿ ಅಳಿದಿತ್ತು. ಆಮೇಲೆ ಬಂದ ಕೆಂಟ್ಸ್ ತಳಿ ಕೆಲವು ವರ್ಷ ತಡೆದು ನಿಂತು ಅದೂ ಸೋತಿತು. ಒಂದೇ ತುಕ್ಕು ಶಿಲೀಂಧ್ರದಲ್ಲಿ ಬೇರೆ ಬೇರೆ ಪಂಗಡಗಳಿವೆ, ಒಂದಕ್ಕೆ ಬಗ್ಗದ ಗಿಡ ಇನ್ನೊಂದಕ್ಕೆ ಬಗ್ಗುತ್ತದೆ ಎಂಬುದನ್ನು ಜಗತ್ತಿಗೆ ಮೊದಲು ತೋರಿಸಿದ್ದು 1930ರ ದಶಕದಲ್ಲಿ ಇಲ್ಲೇ ಕೆಲಸ ಮಾಡಿದ ವಿಜ್ಞಾನಿ ಮೇನ್. ಮಲೆನಾಡಿನವರು ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ವಿಚಾರ ಅದು. ಇವತ್ತಿಗೆ ಗುರುತಾದ ಪಂಗಡಗಳು ಐವತ್ತಕ್ಕೂ ಹೆಚ್ಚು.

ಗಿಡದ ಕಡೆ ತುಕ್ಕು ತಡೆಯುವ ವಂಶವಾಹಿಗಳನ್ನು ಎಸ್‌ಎಚ್1ರಿಂದ ಎಸ್‌ಎಚ್9ರವರೆಗೆ ಹೆಸರಿಸಿದ್ದಾರೆ. 1, 2, 4, 5 ಅರೇಬಿಕಾದವೇ. 3 ಬಂದದ್ದು ಲೈಬೀರಿಕಾ ಕಾಫಿಯಿಂದ, ಎಸ್.288 ತಳಿಯ ಮೂಲಕ ಎಸ್.795ಕ್ಕೆ ಇಳಿದು, 1940ರ ದಶಕದಿಂದ ಈಚೆಗೆ ನಮ್ಮ ತೋಟಗಳನ್ನು ಕಾಯ್ದದ್ದು ಇದೇ. 6ರಿಂದ 9ರವರೆಗಿನವು ಟಿಮೋರ್ ಗಿಡದ ಬಳುವಳಿ. ಶಿಲೀಂಧ್ರ ಒಂದೊಂದು ವಂಶವಾಹಿಗೂ ಒಂದೊಂದು ತಿರುಗುಬಾಣ ಕಲಿಯುತ್ತ ಹೋಗುತ್ತದೆ. ಆದ್ದರಿಂದ ಗಿಡದಲ್ಲಿ ಒಂದೇ ಕಾವಲು ಇದ್ದರೆ ಬೇಗ ಮುರಿಯುತ್ತದೆ, ನಾಲ್ಕಾರು ಒಟ್ಟಿಗಿದ್ದರೆ ತಡವಾಗುತ್ತದೆ.

ಇದನ್ನು ಬೀಜದ ಲೆಕ್ಕಕ್ಕೆ ತನ್ನಿ. ಮೂರು ಪ್ರಬಲ ನಿರೋಧ ವಂಶವಾಹಿಗಳಿರುವ ಶುದ್ಧ ಗಿಡದ ಎಲ್ಲ ಸಸಿಗಳಲ್ಲೂ ಮೂರೂ ಇರುತ್ತವೆ. ಅದೇ ಗಿಡ, ಆ ಮೂರೂ ಇಲ್ಲದ ಇನ್ನೊಂದರ ಜೊತೆ ಬೆರೆತು ಹುಟ್ಟಿದ ಸಂಕರ ಗಿಡವೂ ರೋಗಕ್ಕೆ ಬಗ್ಗದೆ ಚೆನ್ನಾಗಿಯೇ ಕಾಣುತ್ತದೆ. ಆ ಸಂಕರದ ಬೀಜ ಬಿತ್ತಿದರೆ 64ರಲ್ಲಿ 27 ಸಸಿಗೆ ಮಾತ್ರ ಮೂರೂ ದಕ್ಕುತ್ತವೆ. ಒಂದೂ ಇಲ್ಲದ್ದು 64ರಲ್ಲಿ ಒಂದೇ. ಮಿಕ್ಕ 36 ಸಸಿಗಳಲ್ಲಿ ಒಂದೋ ಎರಡೋ ಕಾವಲು. ಅಪಾಯ ಈ ನಡುವಿನ ಗುಂಪಿನದೇ. ಒಂದು ಕಾವಲಿನ ಗಿಡದ ಮೇಲೆ ಶಿಲೀಂಧ್ರ ಆ ಒಂದನ್ನು ಮುರಿಯಲು ಕಲಿಯುತ್ತದೆ, ಎರಡು ಕಾವಲಿನದರ ಮೇಲೆ ಎರಡನೆಯದನ್ನು. ಬೆರಕೆ ತೋಟ ಶಿಲೀಂಧ್ರಕ್ಕೆ ಮೆಟ್ಟಿಲು ಕಟ್ಟಿಕೊಟ್ಟಂತೆ.

ಹಾಗೆಂದು ಶುದ್ಧ ಚಂದ್ರಗಿರಿಗೆ ತುಕ್ಕು ಬರುವುದೇ ಇಲ್ಲ ಎಂಬ ಮಾತನ್ನು ನಂಬಬೇಡಿ. ಇದೇ ಟಿಮೋರ್ ವಂಶದ ಕಾವೇರಿ ತಳಿ 1980ರ ದಶಕದಲ್ಲಿ ಬಂದಾಗಲೂ ಹಾಗೆಯೇ ಹೇಳುತ್ತಿದ್ದರು, ಹೆಚ್ಚು ಕಾಲ ನಿಲ್ಲಲಿಲ್ಲ. ಮುಂಗಾರಿಗೆ ಮುಂಚೆ 0.5% ಬೋರ್ಡೋ, ಅಂದರೆ 200 ಲೀಟರ್ ಬ್ಯಾರೆಲಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಹೊಡೆಯುವುದನ್ನು ಬಿಡಬೇಡಿ. ಎಲೆಯಡಿ ಕಿತ್ತಳೆ ಪುಡಿ ಕಂಡ ಗಿಡಗಳಿಗೆ ಬಣ್ಣದ ಪಟ್ಟಿ ಕಟ್ಟಿ. ಅವುಗಳಿಂದ ಎಂದೂ ಬೀಜ ಮಾಡಬೇಡಿ.

ಬಿಳಿ ಕಾಂಡಕೊರಕದ ಬಗ್ಗೆ ಚಂದ್ರಗಿರಿಯಿಂದ ಏನನ್ನೂ ನಿರೀಕ್ಷಿಸಬಾರದು. ಅರೇಬಿಕಾ ತಳಿ ಯಾವುದಾದರೂ ಕೊರಕ ಬರುತ್ತದೆ. ನೆರಳು ಕಾಪಾಡುವುದು, ಕಾಂಡ ಉಜ್ಜುವುದು, ಹುಳುಬಿದ್ದ ಗಿಡ ಹುಡುಕಿ ಕಿತ್ತು ಸುಡುವುದು ಬಿಟ್ಟು ಬೀಜದ ಚೀಲದಲ್ಲಿ ಅದಕ್ಕೆ ಮದ್ದಿಲ್ಲ. ಲೋಟದ ರುಚಿಯಲ್ಲಿ ನಮ್ಮ ಮತ ಈಗಲೂ ಎತ್ತರದ ಜಾಗದ ಎಸ್.795ಕ್ಕೇ.

ಬೀಜ ಕೈಗೆ ಬಂದ ಮೇಲೆ

ಮಂಡಳಿಯ ಬೀಜಕ್ಕೆ ಬೇಡಿಕೆಯನ್ನು ಮಳೆಗಾಲ ಮುಗಿಯುವ ಮೊದಲೇ ನಿಮ್ಮ ಹತ್ತಿರದ ಕಾಫಿ ಮಂಡಳಿ ವಿಸ್ತರಣಾ ಕಚೇರಿಯಲ್ಲಿ ಬರೆಸಿ. ಬೀಜ ಸಿಗುವುದು ಡಿಸೆಂಬರ್, ಜನವರಿಯಲ್ಲಿ. ಕಿಲೋಗೆ ಸುಮಾರು ನಾಲ್ಕು ಸಾವಿರ ಬೀಜ ಎಂದು ಲೆಕ್ಕ ಹಾಕಿ, ಮೊಳೆಯದ್ದು, ಆರಿಸಿ ತೆಗೆದದ್ದು, ತೋಟದಲ್ಲಿ ಸತ್ತ ಜಾಗಕ್ಕೆ ಬೇಕಾದದ್ದು ಕಳೆದು ಮೂರು ಸಾವಿರ ಒಳ್ಳೆಯ ಸಸಿಗೆ ಯೋಜನೆ ಮಾಡಿದರೆ ಕೊರತೆಯಾಗದು. ಕಾಫಿ ಬೀಜ ಭತ್ತದ ಬೀಜದಂತೆ ವರ್ಷಗಟ್ಟಲೆ ಇಡುವಂಥದ್ದಲ್ಲ. ಪೂರ್ತಿ ಒಣಗಿಸಿದರೆ ಸಾಯುತ್ತದೆ, ಹಸಿಯಾಗಿಟ್ಟರೆ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಬೀಜದ ಕಾಫಿಯನ್ನು ಪಲ್ಪ್ ಮಾಡಿ, ಜರಡಿ ಹಿಡಿದ ಸೌದೆ ಬೂದಿ ಬೆರೆಸಿ, ಐದು ಸೆಂ.ಮೀ. ಪದರವಾಗಿ ಹರಡಿ, ದಿನಕ್ಕೊಮ್ಮೆ ಕೈಯಾಡಿಸುತ್ತ ನೆರಳಲ್ಲೇ ಆರಿಸುವುದು. ಕಣದ ಬಿಸಿಲಿಗೆ ಹರಡಿದ ಪಾರ್ಚ್‌ಮೆಂಟ್ ಮಾರಾಟಕ್ಕೆ ಸರಿ, ಬಿತ್ತನೆಗೆ ಅಲ್ಲ. ಬೀಜ ಬಂದ ವಾರದೊಳಗೆ ಪಾತಿಗೆ ಹಾಕಿ. ಮಾರ್ಚ್ ತನಕ ಮೂಟೆಯಲ್ಲಿಟ್ಟು “ಬೀಜ ಸರಿಯಿಲ್ಲ” ಎಂದರೆ ಅದು ಬೀಜದ ದೋಷವಲ್ಲ.

ಒಡೆದದ್ದು, ಮೂರು ಮೂಲೆಯದು, ಒಂದರೊಳಗೊಂದು ಸೇರಿದ ಆನೆಬೀಜ, ಪೀಬೆರಿ, ಇವನ್ನು ಬಿತ್ತುವ ಮೊದಲೇ ಆರಿಸಿ. ಪೀಬೆರಿ ಬಿತ್ತಿದರೆ ಪೀಬೆರಿಯೇ ಹೆಚ್ಚು ಬಿಡುವ ಗಿಡವಾಗುತ್ತದೆ ಎಂಬ ನಂಬಿಕೆ ಕೆಲವು ಕಡೆ ಇದೆ. ಹಾಗಾಗುವುದಿಲ್ಲ. ಕಾಯಿಯೊಳಗಿನ ಎರಡು ಅಂಡಗಳಲ್ಲಿ ಒಂದು ಬೆಳೆಯದೆ ಹೋದಾಗ ಉಳಿದದ್ದು ಗುಂಡಗಾಗುತ್ತದೆ, ಅಷ್ಟೇ. ಒಳಗಿನ ವಂಶವಾಹಿಗಳು ಅದೇ ಗಿಡದ ಚಪ್ಪಟೆ ಬೀಜದಲ್ಲಿ ಇರುವಂಥವೇ.

ಪಾತಿ ಒಂದು ಮೀಟರ್ ಅಗಲ, ಆರು ಮೀಟರ್ ಉದ್ದ, ಹದಿನೈದು ಸೆಂ.ಮೀ. ಎತ್ತರ. ಅಂಥ ಒಂದು ಪಾತಿಗೆ ನಾಲ್ಕು ಬುಟ್ಟಿ ಚೆನ್ನಾಗಿ ಕಳಿತ ಗೊಬ್ಬರ, ಎರಡು ಕಿಲೋ ನುಣ್ಣಗಿನ ಕೃಷಿ ಸುಣ್ಣ, 400 ಗ್ರಾಂ ಶಿಲಾರಂಜಕ. ಬೀಜವನ್ನು ಚಪ್ಪಟೆ ಬದಿ ಕೆಳಗಾಗಿ, ಒಂದಕ್ಕೊಂದು ಒಂದೂವರೆಯಿಂದ ಎರಡೂವರೆ ಸೆಂ.ಮೀ. ಬಿಟ್ಟು ಇಡಿ. ಮೇಲೆ ತೆಳುವಾಗಿ ನಯಮಣ್ಣು, ಅದರ ಮೇಲೆ ಐದು ಸೆಂ.ಮೀ. ಭತ್ತದ ಹುಲ್ಲು, ಮೇಲೆ ಚಪ್ಪರ, ದಿನಾ ನೀರು. ಸುಮಾರು 45 ದಿನಕ್ಕೆ ಮೊಳಕೆ ಏಳುತ್ತದೆ. ಬಟನ್ ಇಲ್ಲವೇ ಟೋಪಿ ಹಂತದಲ್ಲಿ (ಬೀಜದೆಲೆ ಬಿಚ್ಚುವ ಆಸುಪಾಸಿನಲ್ಲಿ) ಎತ್ತಿ ಚೀಲಕ್ಕೆ ಹಾಕಿ, 23×15 ಸೆಂ.ಮೀ., 150 ಗೇಜಿನ ಚೀಲ, ನೀರು ಬಸಿಯಲು ತೂತು. ಕಾಡುಮಣ್ಣು ಆರು ಪಾಲು, ಗೊಬ್ಬರ ಎರಡು, ಮರಳು ಒಂದು. ತಾಯಿಬೇರು ಮಡಿಸಿಕೊಂಡ ಸಸಿಯನ್ನು ಈಗಲೇ ಎಸೆಯಿರಿ. ಅದು ವಂಶದ ದೋಷವಲ್ಲ, ಕೈಯ ದೋಷ. ಆದರೆ ಏಳೆಂಟು ವರ್ಷದ ಗಿಡ ಬರಗಾಲದಲ್ಲಿ ಒಣಗಿದಾಗ ತಳಿಯ ಮೇಲೆ ಬೈಗುಳ ಬೀಳುತ್ತದೆ.

ಸ್ವಂತ ಬೀಜ ಮಾಡುವುದಾದರೆ

ಮಂಡಳಿಯ ಬೀಜದಿಂದಲೇ ಬೆಳೆದ ಚಂದ್ರಗಿರಿ ಬ್ಲಾಕು ನಿಮ್ಮಲ್ಲಿದ್ದರೆ ಮಾಡಬಹುದು. ಅಂಚಿನ ನಾಲ್ಕೈದು ಸಾಲು ಬಿಟ್ಟು ನಡುವೆ ಇಪ್ಪತ್ತು ಗಿಡ ಗುರುತಿಸಿ. ಒಂದು ವರ್ಷದ ಫಸಲು ನೋಡಿ ಆರಿಸಬೇಡಿ. ಗೊಬ್ಬರ, ನೆರಳು, ಹೂಮಳೆ ಬಿದ್ದ ಗಳಿಗೆ ಎಲ್ಲವೂ ಅದರಲ್ಲಿ ಸೇರಿರುತ್ತದೆ, ಇವು ಯಾವುವೂ ಬೀಜಕ್ಕೆ ಇಳಿಯುವುದಿಲ್ಲ. ಮೂರ್ನಾಲ್ಕು ವರ್ಷ ಅಕ್ಕಪಕ್ಕದ ಗಿಡಗಳಿಗಿಂತ ಸತತವಾಗಿ ಮುಂದಿರುವುದನ್ನು ಆರಿಸಿ. ಇನ್ನೂ ಖಚಿತ ಬೇಕೆಂದರೆ ಹೂಮಳೆ ಬಿದ್ದು ಮೊಗ್ಗು ಬೆಳ್ಳಗಾಗುವಾಗ, ಅರಳುವ ಮೊದಲು, ರೆಕ್ಕೆಗಳಿಗೆ ತೆಳು ಬಟ್ಟೆಚೀಲ ಕಟ್ಟಿ. ಹೂವು ಬಾಡಿದ ಮೇಲೆ ಬಿಚ್ಚಿ ಪಟ್ಟಿ ಕಟ್ಟಿ. ಆ ರೆಕ್ಕೆಯ ಬೀಜಕ್ಕೆ ತಾಯಿಯೂ ತಂದೆಯೂ ಅದೇ ಗಿಡ.

ಎಸ್.795ನ್ನೂ ಚಂದ್ರಗಿರಿಯನ್ನೂ ಕೂಡಿಸಿ ಸ್ವಂತ ತಳಿ ಮಾಡುವ ಆಸೆ ಕೆಲವು ಉತ್ಸಾಹಿಗಳಿಗಿದೆ. ಲೆಕ್ಕ ತಿಳಿದು ಇಳಿಯಿರಿ. ಮೊದಲ ತಲೆಮಾರಿನ ಎಲ್ಲ ಗಿಡವೂ ಕು-ಎ. ಸ್ವಕೀಯ ಬೀಜದಿಂದ ಮುಂದುವರಿದರೆ ಬೆರಕೆ ಪ್ರತಿ ತಲೆಮಾರಿಗೆ ಅರ್ಧವಾಗುತ್ತದೆ: ಎರಡನೆಯದಕ್ಕೆ ನೂರಕ್ಕೆ 50, ಮೂರನೆಯದಕ್ಕೆ 25, ಹೀಗೆ ಆರನೆಯದಕ್ಕೆ ಸುಮಾರು 3. ಒಂದು ತಲೆಮಾರಿಗೆ ಬೀಜದಿಂದ ನಂಬುವಂಥ ಫಸಲಿನವರೆಗೆ ನಾಲ್ಕೈದು ವರ್ಷ. ಒಟ್ಟು ಇಪ್ಪತ್ತು ಇಪ್ಪತ್ತೈದು ವರ್ಷದ ಕೆಲಸ. ಸಂಶೋಧನಾ ಕೇಂದ್ರದ ಒಂದು ತಳಿಗೆ ಇಷ್ಟೊಂದು ಕಾಲ ಏಕೆ ಹಿಡಿಯುತ್ತದೆ ಎಂಬುದಕ್ಕೂ ಉತ್ತರ ಇದೇ.

ರೊಬಸ್ಟಾಕ್ಕೆ ಈ ಲೆಕ್ಕ ನಡೆಯದು

ಮೇಲೆ ಹೇಳಿದ ಯಾವುದನ್ನೂ ರೊಬಸ್ಟಾ ತಳಿಗಳಾದ ಎಸ್.274, ಸಿ×ಆರ್ ಬೀಜಕ್ಕೆ ಹಾಗೇ ಎತ್ತಿಕೊಳ್ಳಬೇಡಿ. ರೊಬಸ್ಟಾ ಹೂವು ತನ್ನ ಗಿಡದ ಪರಾಗವನ್ನು ಒಪ್ಪುವುದೇ ಇಲ್ಲ. ರೆಕ್ಕೆಗೆ ಚೀಲ ಕಟ್ಟಿ ನೋಡಿ, ಒಳಗೆ ಕಾಯಿ ನಿಲ್ಲುವುದಿಲ್ಲ. ಅಂದರೆ ರೊಬಸ್ಟಾ ಬೀಜ ಪ್ರತಿಯೊಂದಕ್ಕೂ ತಂದೆ ಬೇರೆ ಗಿಡ. ತೋಟದಲ್ಲೇ ಅತಿ ಹೆಚ್ಚು ಬಿಡುವ ಗಿಡದ ಹಣ್ಣು ಹೆಕ್ಕಿ ಬಿತ್ತಿದರೂ ನಿಮ್ಮ ಆಯ್ಕೆ ಅರ್ಧಕ್ಕೆ ಮಾತ್ರ. ಉಳಿದರ್ಧ ಜೇನೂ ಗಾಳಿಯೂ ಆರಿಸಿದ್ದು. ಒತ್ತಾಗಿ ಬೆಳೆಯುವ, ದಪ್ಪ ಬೀಜದ ಸಿ×ಆರ್ ಬೇಕೆಂದು ಎಸ್.274 ಪಕ್ಕದ ಗಿಡದಿಂದ ಬೀಜ ತಂದರೆ ಸಸಿಗಳು ಒಂದೊಂದೂ ಒಂದೊಂದು ಗಾತ್ರಕ್ಕೆ ಹೋಗುತ್ತವೆ.

ಆದ್ದರಿಂದ ರೊಬಸ್ಟಾದಲ್ಲಿ ಆರಿಸಿದ ಗಿಡದ ಗುಣ ಪೂರ್ತಿ ಬೇಕಾದರೆ ಬೀಜ ಬಿಟ್ಟು ಅದೇ ಗಿಡದ ಕಂಬಚಿಗುರಿನಿಂದ (ನೇರ ಮೇಲಕ್ಕೇಳುವ ಚಿಗುರು) ಒಂದೊಂದು ಗೆಣ್ಣಿನ ತುಂಡು ಬೇರೂರಿಸಿ, ಇಲ್ಲವೇ ಆ ಚಿಗುರನ್ನು ಸಸಿಗೆ ಕಟ್ಟಿ ಗ್ರಾಫ್ಟ್ ಮಾಡಿ. ರೆಕ್ಕೆಯ ತುಂಡು ಬಳಸಿದರೆ ಗಿಡ ಮೇಲಕ್ಕೇಳದೆ ನೆಲದ ಮೇಲೆ ಹರಡುತ್ತದೆ. ಒಂದೇ ಗಿಡದಿಂದ ಇಡೀ ಎಕರೆ ತುಂಬಿಸಲೂಬಾರದು. ಎಲ್ಲವೂ ಒಂದೇ ವಂಶವಾದ್ದರಿಂದ ಒಂದರ ಪರಾಗ ಇನ್ನೊಂದಕ್ಕೆ ಒಗ್ಗದೆ, ಹೂವು ಬೆಳ್ಳಗೆ ಅರಳಿಯೂ ಕಾಯಿ ಕಚ್ಚುವುದಿಲ್ಲ. ಕನಿಷ್ಠ ನಾಲ್ಕೈದು ಬೇರೆ ಬೇರೆ ತಾಯಿಗಿಡಗಳ ಸಸಿಗಳನ್ನು ಸಾಲು ಬದಲಿಸಿ ನೆಡಿ. ಯಾವ ಸಾಲಿನಲ್ಲಿ ಯಾವ ತಾಯಿಯ ಸಸಿ ಎಂದು ತೋಟದ ನಕ್ಷೆಯಲ್ಲಿ ಅವತ್ತೇ ಬರೆದಿಡಿ. ಆ ತಾಯಿಗಿಡಗಳು ಒಂದೇ ವಾರದಲ್ಲಿ ಹೂ ಬಿಡುತ್ತವೆಯೇ ಎಂಬುದನ್ನು ತುಂಡು ತೆಗೆಯುವ ಹಿಂದಿನ ಹೂಮಳೆಗೇ ನೋಡಿಟ್ಟುಕೊಂಡಿರಬೇಕು.